ಫುಗಾಝಿ ಮತ್ತೆ ಒಂದಾಗುತ್ತಾರಾ? ನಮ್ಮ ಕಡೆ ಕಾಯುತ್ತಿರುವವರು ಯಾರಾದರೂ ಇದ್ದೀರಾ?

ಕೋಟೆ ಕೆಳಗಿನವ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತಿದ್ದೆ, ಇವತ್ತು ಕೇಳಿಯೇ ಬಿಡುತ್ತೇನೆ. ಫುಗಾಝಿ ಮತ್ತೆ ಸೇರಿ ನುಡಿಸುತ್ತಾರೆ ಅನ್ನುವ ಆಸೆ ನಿಮ್ಮಲ್ಲಿ ಯಾರಿಗಾದರೂ ಇನ್ನೂ ಇದೆಯಾ? ನನಗಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಹಾರ್ಡ್‌ಕೋರ್ ಬ್ಯಾಂಡ್. ಹಾರ್ಡ್‌ಕೋರ್ ಅಂದರೆ ಪಂಕ್ ರಾಕ್‌ನ ಇನ್ನೂ ಜೋರಿನ, ವೇಗದ ಬಗೆ. 1987ರಲ್ಲಿ ಮೊದಲ ಶೋ. ಇಯಾನ್ ಮೆಕೈ, ಗೀ ಪಿಚೊಟೊ, ಜೋ ಲ್ಯಾಲಿ, ಬ್ರೆಂಡನ್ ಕ್ಯಾಂಟಿ. ಮೊದಲಿಂದ ಕೊನೆತನಕ ಇದೇ ನಾಲ್ವರು. 2002ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ನುಡಿಸಿದ್ದೇ ಕೊನೆ. ಆಮೇಲೆ ಬ್ಯಾಂಡ್ ಮುಗಿಯಿತು ಅಂತ ಅವರು ಹೇಳಲಿಲ್ಲ. ವಿರಾಮ ಅಂದರು, ಅಷ್ಟೇ. ಆ ಒಂದು ಪದ ಹಿಡಿದುಕೊಂಡು ಇಷ್ಟು ವರ್ಷ ಕಾದಿದ್ದೇನೆ.

2006ರಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಬೆಂಗಳೂರಿಂದ ರಜೆಗೆ ಬಂದ ಗೆಳೆಯ ಒಂದು ಸಿ.ಡಿ. ಕೊಟ್ಟ. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕೇಳು’ ಅಂತ ಮಾತ್ರ ಬರೆದಿತ್ತು. ಮಧ್ಯಾಹ್ನ ಪೂರ್ತಿ ಕರೆಂಟ್ ಇರಲಿಲ್ಲ. ಸಂಜೆ ಬಂದ ಮೇಲೆ ಹಾಕಿದೆ. ಮೊದಲು ಬರೀ ಬೇಸ್ ಗಿಟಾರ್. ಆಮೇಲೆ ಡ್ರಮ್ಸ್, ಗಿಟಾರ್. ಇನ್ನೇನು ಹಾಡು ಹತ್ತಿಕೊಂಡಿತು ಅನ್ನುವಷ್ಟರಲ್ಲಿ ಎಲ್ಲಾ ಒಮ್ಮೆಗೇ ನಿಂತುಬಿಟ್ಟಿತು. ಮತ್ತೆ ಕರೆಂಟ್ ಹೋಯಿತು ಅಂದುಕೊಂಡು ತಲೆ ಎತ್ತಿ ಫ್ಯಾನ್ ನೋಡಿದೆ. ಫ್ಯಾನ್ ತಿರುಗುತ್ತಿತ್ತು. ಅಷ್ಟರಲ್ಲಿ ಹಾಡು ಮತ್ತೆ ಶುರುವಾಯಿತು. ಮೈ ಮೇಲಿನ ಕೂದಲೆಲ್ಲ ಎದ್ದು ನಿಂತಿತ್ತು.

ಅದನ್ನು ಒಂದೇ ಒಂದು ಸಲ ಎದುರಿಗೆ ನಿಂತು ಕೇಳಬೇಕು. ನಿಮಗೂ ಹಾಗೆ ಅನಿಸುತ್ತಾ?

ಗಂಗಾವತಿ ಗಿಟಾರ್

‘ವೇಟಿಂಗ್ ರೂಮ್’ ಹಾಡು! ಆ ನಿಲ್ಲುವ ಜಾಗ! ನನ್ನ ತಮ್ಮ ಸ್ಪೀಕರ್ ವೈರ್ ಅಲ್ಲಾಡಿಸಿ ನೋಡಿದ್ದ.

ಆಸೆ ಇದೆಯಾ ಅಂತ ಕೇಳಿದಿರಿ. ನೂರಕ್ಕೆ ನೂರು ಇದೆ.

ಶಕ್ತಿನಗರ ಶಿಫ್ಟ್

ಒಂದು ತಿದ್ದುಪಡಿ. ಮೊದಲಿಂದ ಇದೇ ನಾಲ್ವರು ಅಂದಿರಲ್ಲ, ಅದು ಪೂರ್ತಿ ಸರಿ ಅಲ್ಲ. 1987ರ ಮೊದಲ ಶೋನಲ್ಲಿ ಮೂವರೇ ಇದ್ದರು. ಗೀ ಆಮೇಲೆ ಸೇರಿದ್ದು. ಶುರುವಿನಲ್ಲಿ ಅವರು ಬರೀ ಹಾಡುತ್ತಿದ್ದರು, ಕುಣಿಯುತ್ತಿದ್ದರು, ಗಿಟಾರ್ ಹಿಡಿದದ್ದು ಇನ್ನೂ ತಡವಾಗಿ. ಬಾಸ್ಕೆಟ್‌ಬಾಲ್ ಹೂಪ್‌ನೊಳಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತುಬಿದ್ದು ಹಾಡಿದ ವಿಡಿಯೊ ನೋಡಿದ್ದೀರಲ್ಲ, ಅದು ಆ ದಿನಗಳದ್ದು. ಜೆಮ್ ಕೋಹೆನ್ 1999ರಲ್ಲಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ಇದೆ.

ಕೋಟೆ ಕೆಳಗಿನವ, ಬಳ್ಳಾರಿ

ಹೌದು, ನೀವು ಹೇಳಿದ್ದೇ ಸರಿ. ಥ್ಯಾಂಕ್ಸ್.

ಸಂಡೂರು ಕೆಂಪು ಮಣ್ಣು

ಒಳ್ಳೆ ಬ್ಯಾಂಡೇ, ಒಪ್ಪುತ್ತೇನೆ. ಆದರೆ ಹಾರ್ಡ್‌ಕೋರ್ ಅಂತ ಯಾಕೆ ಕರೆಯುತ್ತೀರಿ? ಹಾರ್ಡ್‌ಕೋರ್ ಅಂದರೆ ಮೈನರ್ ಥ್ರೆಟ್. ಬ್ಯಾಡ್ ಬ್ರೇನ್ಸ್. ಬ್ಲ್ಯಾಕ್ ಫ್ಲ್ಯಾಗ್. ಒಂದು ನಿಮಿಷದಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕು. ಫುಗಾಝಿಯವರದ್ದು ನಿಧಾನ, ಬೇಸ್ ಜಾಸ್ತಿ, ಜಮೈಕಾದ ರೆಗ್ಗೇ ಸಂಗೀತದ ವಾಸನೆ ಬೇರೆ.

ಶಕ್ತಿನಗರ ಶಿಫ್ಟ್

ಮೈನರ್ ಥ್ರೆಟ್‌ನಲ್ಲಿ ಹಾಡಿದ್ದು ಯಾರು? ಇದೇ ಇಯಾನ್ ಮೆಕೈ ಅಲ್ವಾ! 1980ರಿಂದ 1983ರವರೆಗೆ ಅದು. ಅದೇ ಮನುಷ್ಯ, ಅದೇ ಊರು, ಅದೇ ಡಿಸ್ಕಾರ್ಡ್ ಸಂಸ್ಥೆ. ಮರ ಒಂದೇ, ಕೊಂಬೆ ಬೇರೆ.

ಸಂಡೂರು ಕೆಂಪು ಮಣ್ಣು

ಕೊಂಬೆ ಬೇರೆ ಅಂದಮೇಲೆ ಹೆಸರೂ ಬೇರೆ ಇರಲಿ ಅಂತ ನಾನು ಹೇಳುವುದು. ಪೋಸ್ಟ್-ಹಾರ್ಡ್‌ಕೋರ್ ಅನ್ನಿ. ಆಗ ನನ್ನ ತಕರಾರಿಲ್ಲ.

ಹೊಸಬ, ರಾಯಚೂರು

ಡಿಸ್ಕಾರ್ಡ್ ಅಂದರೆ ಗೇಮ್ ಆಡುವವರು ಮಾತಾಡುವ ಆ್ಯಪ್ ತಾನೇ? ಅವರಿಗೂ ಇದಕ್ಕೂ ಏನು ಸಂಬಂಧ?

ಶಕ್ತಿನಗರ ಶಿಫ್ಟ್

ಅದಲ್ಲ ತಮ್ಮಾ. ಇದು ರೆಕಾರ್ಡ್ ಸಂಸ್ಥೆ. 1980ರಲ್ಲಿ ಇಯಾನ್ ಮತ್ತು ಜೆಫ್ ನೆಲ್ಸನ್ ಶುರು ಮಾಡಿದ್ದು. ಬರೆಯುವಾಗ ನಡುವೆ ಒಂದು ‘ಎಚ್’ ಬರುತ್ತದೆ. ಗಿಟಾರ್ ನುಡಿಸುವವರ ಕಾರ್ಡ್, ಅಂದರೆ ಸ್ವರಗಳ ಗುಂಪು, ಅದರ ಮೇಲಿನ ಪದದಾಟ. ದೊಡ್ಡ ಕಂಪನಿಗೆ ಮಾರಿಕೊಳ್ಳದೆ ಇವತ್ತಿಗೂ ನಡೆಯುತ್ತಿದೆ.

ಮುದಗಲ್ ಹಲಗೆ

ಹೆಸರಿನ ಜಗಳ ಬಿಡ್ರಿ. ನಾನು ಇವರನ್ನು ಹಚ್ಚಿಕೊಂಡದ್ದಕ್ಕೆ ಕಾರಣ ಬೇರೆ ಇದೆ.

ನಮ್ಮೂರು ಮುದಗಲ್. ಇಲ್ಲಿನ ಮೊಹರಂ ನಿಮಗೆಲ್ಲ ಗೊತ್ತು. ಅಲಾಯಿ ಕುಣಿಯ ಸುತ್ತ ಕುಣಿಯುವಾಗ ಯಾರು ಹಿಂದೂ, ಯಾರು ಮುಸ್ಲಿಂ ಅಂತ ಯಾರೂ ಕೇಳುವುದಿಲ್ಲ. ಹಲಗೆ ಒಂದು ವೇಗಕ್ಕೆ ಬಂದ ಮೇಲೆ ಇಡೀ ಗುಂಪು ಒಂದೇ ದಿಕ್ಕಿಗೆ ಸುತ್ತುತ್ತದೆ. ಪಕ್ಕದವನ ಭುಜ ತಾಗುತ್ತದೆ, ಬೆವರು ತಾಗುತ್ತದೆ. ನಾನು ಎಂಟು ವರ್ಷದವನಿದ್ದಾಗ ಅಪ್ಪನ ಟವೆಲ್ ಹಿಡಿದುಕೊಂಡು ಸುತ್ತಿದ್ದೆ. ಒಮ್ಮೆ ಬಿದ್ದೆ. ನೆಲಕ್ಕೆ ಕೈ ಊರುವ ಮೊದಲೇ ಮೂರು ಕೈ ನನ್ನನ್ನು ಎತ್ತಿದವು. ಹಲಗೆ ನಿಲ್ಲಲೇ ಇಲ್ಲ.

ಮುಂದೆ ಹಾರ್ಡ್‌ಕೋರ್ ಶೋಗಳ ವಿಡಿಯೊ ನೋಡಿದೆ. ಜನ ಹೀಗೇ ಸುತ್ತ ಓಡುತ್ತಾರೆ. ಇದು ನನಗೆ ಗೊತ್ತಲ್ಲ ಅನಿಸಿತು. ಆದರೆ ಕೆಲವು ಕಡೆ ಬರೀ ಹೊಡೆದಾಟ. ಬಿದ್ದವನನ್ನು ತುಳಿಯುವುದು, ಹುಡುಗಿಯರನ್ನು ತಳ್ಳುವುದು. ಮನಸ್ಸಿಗೆ ಬೇಜಾರಾಯಿತು. ಫುಗಾಝಿಯವರು ಅದನ್ನು ಸಹಿಸುತ್ತಿರಲಿಲ್ಲ. ಹಾಡು ಅರ್ಧಕ್ಕೆ ನಿಲ್ಲಿಸಿ, ಹೊಡೆಯುತ್ತಿದ್ದವನನ್ನು ಕರೆದು, ಅವನ ಟಿಕೆಟ್ಟಿನ 5 ಡಾಲರ್ ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಅದಕ್ಕೆ ಅಂತಲೇ ಲಕೋಟೆಯಲ್ಲಿ 5 ಡಾಲರ್ ಇಟ್ಟುಕೊಂಡಿರುತ್ತಿದ್ದರು! ನಮ್ಮಲ್ಲೂ ಕುಡಿದು ಬಂದು ಕುಣಿಗೆ ಇಳಿದವನನ್ನು ಹಿರಿಯರು ಹೀಗೇ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಕರೆದೊಯ್ಯುತ್ತಾರೆ.

ಅವರು ಮತ್ತೆ ನುಡಿಸಿದರೆ ಆ ಗುಂಪಿನ ನಡುವೆ ನಾನು ಒಂದು ಸುತ್ತು ಹಾಕಬೇಕು. ಅಷ್ಟೇ ನನ್ನ ಆಸೆ.

ಜೀನ್ಸ್ ನೀಲಿ

ಮುದಗಲ್ ಅವರೇ, ಇದನ್ನು ಓದಿ ಕಣ್ಣು ತುಂಬಿ ಬಂತು.

ಸಂಡೂರು ಕೆಂಪು ಮಣ್ಣು

ಚೆಂದ ಬರೆದಿರಿ. ಅಲಾಯಿ ಮತ್ತು ಹಾರ್ಡ್‌ಕೋರ್ ಎರಡೂ ಒಂದೇ ಅಂತ ಮಾತ್ರ ಹೇಳಬೇಡಿ. ಅದು ಹರಕೆ, ದುಃಖದ ಆಚರಣೆ. ಇದು ಶೋ.

ಮುದಗಲ್ ಹಲಗೆ

ಒಂದೇ ಅಂತ ನಾನು ಹೇಳಲಿಲ್ಲ. ಬಿದ್ದಾಗ ಎತ್ತುವ ಕೈ ಎರಡೂ ಕಡೆ ಇರಬೇಕು ಅಂತ ಹೇಳಿದೆ.

ತುಂಗಭದ್ರೆ ದಂಡೆ

ನನ್ನ ಮಾತು ಯಾರಿಗೂ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. ಅವರು ಮತ್ತೆ ಸೇರುವುದು ಬೇಡ.

ರಿಫ್ಯೂಸ್ಡ್ ಬ್ಯಾಂಡ್ ನೆನಪಿದೆಯಾ? ಸ್ವೀಡನ್ನಿನ ಉಮೆಯೊ ಊರಿನವರು. 1998ರಲ್ಲಿ ಅಮೆರಿಕದ ಒಂದು ಮನೆಯ ನೆಲಮಾಳಿಗೆಯಲ್ಲಿ ನುಡಿಸುವಾಗ ಪೊಲೀಸರು ಬಂದು ನಿಲ್ಲಿಸಿದರು. ಅಲ್ಲಿಗೆ ಬ್ಯಾಂಡ್ ಮುಗಿಯಿತು. ಮತ್ತೆಂದೂ ಒಟ್ಟಿಗೆ ನುಡಿಸುವುದಿಲ್ಲ ಅಂತ ಉರಿಯುವ ಪತ್ರ ಬರೆದರು. ಆ ಪತ್ರ ಓದಿಯೇ ನಾನು ಅವರ ಅಭಿಮಾನಿಯಾದೆ. 2012ರಲ್ಲಿ ವಾಪಸ್ ಬಂದರು. ಎಲ್ಲಿ? ಕೋಚೆಲ್ಲಾ ಅನ್ನುವ ಅಮೆರಿಕದ ಭಾರೀ ಸಂಗೀತ ಉತ್ಸವದ ವೇದಿಕೆಯಲ್ಲಿ. ನನ್ನೊಳಗೆ ಏನೋ ಮುರಿದ ಹಾಗಾಯಿತು.

ಬ್ಲ್ಯಾಕ್ ಫ್ಲ್ಯಾಗ್ ಕಥೆ ಇನ್ನೂ ಕೆಟ್ಟದ್ದು. 1986ರಲ್ಲಿ ಮುಗಿದ ಬ್ಯಾಂಡ್. 2013ರಲ್ಲಿ ಅದರ ಗಿಟಾರಿಸ್ಟ್ ಗ್ರೆಗ್ ಗಿನ್ ಆ ಹೆಸರಲ್ಲಿ ಒಂದು ತಂಡ ಕಟ್ಟಿದರು. ಮೊದಲ ಹಾಡುಗಾರ ಕೀತ್ ಮಾರಿಸ್ ಮತ್ತು ಉಳಿದ ಹಳಬರು ‘ಫ್ಲ್ಯಾಗ್’ ಅಂತ ಇನ್ನೊಂದು ಕಟ್ಟಿದರು. ಒಂದೇ ವರ್ಷ ಎರಡು ತಂಡ, ಅದೇ ಹಾಡುಗಳು, ನಡುವೆ ಕೋರ್ಟು ಕೇಸು. ಆಸ್ತಿ ಪಾಲಿಗೆ ನಿಂತ ಅಣ್ಣತಮ್ಮಂದಿರ ಹಾಗೆ.

ಫುಗಾಝಿಯ ನಾಲ್ವರು ಜಗಳ ಆಡದೆ ದೂರವಾದವರು. ಹಾಗೇ ಇರಲಿ ಬಿಡಿ.

ಗಂಗಾವತಿ ಗಿಟಾರ್

ರಿಫ್ಯೂಸ್ಡ್ ಬಗ್ಗೆ ನೀವು ಅರ್ಧ ಮಾತ್ರ ಹೇಳಿದಿರಿ. ಅವರು ವಾಪಸ್ ಬಂದು ಹೊಸ ಆಲ್ಬಂಗಳನ್ನೂ ಮಾಡಿದರು. ಆಮೇಲೆ 2024ರಲ್ಲಿ ಹಾಡುಗಾರ ಡೆನಿಸ್ ಲಿಕ್ಸೆನ್‌ಗೆ ಹೃದಯಾಘಾತ ಆಯಿತು. ಚೇತರಿಸಿಕೊಂಡು ಅದೇ ಡಿಸೆಂಬರ್‌ನಲ್ಲಿ ತಮ್ಮ ಊರು ಉಮೆಯೊದಲ್ಲೇ ಕೊನೆಯ ಶೋ ಕೊಟ್ಟರು. ಪೊಲೀಸರು ನಿಲ್ಲಿಸಿದ ನೆಲಮಾಳಿಗೆಗಿಂತ ಸ್ವಂತ ಊರಲ್ಲಿ, ಸ್ವಂತ ಜನರ ಮುಂದೆ ಮುಗಿಸುವುದು ಒಳ್ಳೆಯದಲ್ವಾ? ವಾಪಸ್ ಬಂದದ್ದಕ್ಕೇ ತಾನೇ ಅದು ಸಾಧ್ಯವಾದದ್ದು?

ಹ್ಯಾವ್ ಹಾರ್ಟ್ ಬ್ಯಾಂಡ್ ನೋಡಿ. 2009ರಲ್ಲಿ ಮುಗಿಸಿದರು, 2019ರಲ್ಲಿ ಕೆಲವೇ ಶೋಗಳಿಗೆ ಸೇರಿದರು. ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ ಸಾವಿರಾರು ಜನ ಬಯಲಲ್ಲಿ ನಿಂತು ಹಾಡಿದರು. ಹತ್ತು ವರ್ಷದ ಹಿಂದೆ ಚಿಕ್ಕವರಿದ್ದು ನೋಡಲಾಗದವರೆಲ್ಲ ಅವತ್ತು ಅಲ್ಲಿದ್ದರು. ಅದರಲ್ಲಿ ತಪ್ಪೇನಿದೆ?

ತುಂಗಭದ್ರೆ ದಂಡೆ

ಉಮೆಯೊ ಮಾತು ಒಪ್ಪಿದೆ. ಕೋಚೆಲ್ಲಾ ಒಪ್ಪುವುದಿಲ್ಲ.

ಮೇಷ್ಟ್ರು, ಕುಕನೂರು

ಫುಗಾಝಿಗೆ ದುಡ್ಡಿನ ಆಸೆ ತೋರಿಸಿದವರು ಕಡಿಮೆಯೇನಲ್ಲ. 1993ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಅನ್ನುವ ದೊಡ್ಡ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಅಹ್ಮೆತ್ ಎರ್ತೆಗುನ್ ನ್ಯೂಯಾರ್ಕ್ ಶೋ ಮುಗಿದ ಮೇಲೆ ತಾವೇ ಹೋಗಿ ಮಾತಾಡಿಸಿ ಕರೆದರು. ಇವರು ನಯವಾಗಿ ಬೇಡ ಅಂದರು. ಟಿಕೆಟ್ಟು 5 ಡಾಲರ್ ಆಸುಪಾಸೇ ಇಟ್ಟರು. ಟಿ-ಶರ್ಟ್ ಮಾರಲಿಲ್ಲ. ಎಲ್ಲಾ ವಯಸ್ಸಿನವರೂ ಒಳಗೆ ಬರುವ ಜಾಗದಲ್ಲೇ ನುಡಿಸಿದರು. ಹೀಗೆ ಬದುಕಿದವರು ಮತ್ತೆ ಸೇರಿದರೆ ದುಡ್ಡಿಗಾಗಿ ಸೇರುವುದಿಲ್ಲ. ಅದಕ್ಕೇ ಇಷ್ಟು ತಡ ಆಗುತ್ತಿರುವುದು ಅಂತ ನನಗೆ ಅನಿಸುತ್ತದೆ. ದುಡ್ಡಿಗಾಗಿ ಸೇರುವುದು ಸುಲಭ. ಮನಸ್ಸು ಕೂಡಿ, ನಾಲ್ವರ ಮನೆ, ಮಕ್ಕಳು, ಕೆಲಸ ಎಲ್ಲಾ ಹೊಂದಿಕೊಂಡು ಸೇರುವುದು ಕಷ್ಟ. ಎಲ್ಲರೂ ಈಗ ಅರವತ್ತರ ಆಸುಪಾಸಿನವರು.

ಕೃಷ್ಣೆ ಸೀಮೆ ಹುಡುಗಿ, ರಾಯಚೂರು

‘ಎಲ್ಲಾ ವಯಸ್ಸಿನವರೂ’ ಅನ್ನುವ ಮಾತನ್ನು ಮೇಷ್ಟ್ರು ಒಂದು ಸಾಲಲ್ಲಿ ಮುಗಿಸಿದರು. ನನಗೆ ಅದೇ ಮುಖ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹದಿನೆಂಟು ವರ್ಷ ಇದ್ದಾಗ ಅಕ್ಕನ ಜೊತೆ ರಾಯಚೂರಿಂದ ಬೆಂಗಳೂರಿಗೆ ಹೋದೆ. ಒಂದು ಹಾರ್ಡ್‌ಕೋರ್ ಶೋ ಇತ್ತು. ಎರಡು ತಿಂಗಳ ಟ್ಯೂಷನ್ ದುಡ್ಡು ಉಳಿಸಿದ್ದೆ. ರಾತ್ರಿ ಪೂರ್ತಿ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಪೇಪರ್ ಹಾಸಿ ಕೂತಿದ್ದೆವು. ಸಂಜೆ ಜಾಗ ಹುಡುಕಿಕೊಂಡು ಹೋದರೆ ಅದು ಪಬ್ಬು. ಬಾಗಿಲಲ್ಲಿ ನಿಂತಿದ್ದವರು ಆಧಾರ್ ನೋಡಿದರು, ವಯಸ್ಸು ಸಾಲದು ಅಂದರು. ನಾವು ಕುಡಿಯುವುದಿಲ್ಲ ಅಣ್ಣಾ, ಹಾಡು ಕೇಳಲಿಕ್ಕೆ ಬಂದಿದ್ದೇವೆ ಅಂದೆ. ಆಗುವುದಿಲ್ಲ ಅಂದರು. ಒಳಗೆ ಡ್ರಮ್ಸ್ ಸೌಂಡ್ ಚೆಕ್ ನಡೆದಿತ್ತು. ಗೋಡೆಗೆ ಅಂಗೈ ಇಟ್ಟೆ. ಗೋಡೆ ನಡುಗುತ್ತಿತ್ತು. ಅಕ್ಕ ಕೈ ಹಿಡಿದು ಎಳೆಯುವ ತನಕ ಹಾಗೇ ನಿಂತಿದ್ದೆ.

ಫುಗಾಝಿ ಸಾವಿರಕ್ಕೂ ಜಾಸ್ತಿ ಶೋ ಕೊಟ್ಟರು. ಚರ್ಚಿನ ಹಾಲ್, ಶಾಲೆ, ಜಿಮ್, ಜೈಲಲ್ಲಿ ಕೂಡ. ಹದಿನೈದರ ಹುಡುಗಿಯೂ 5 ಡಾಲರ್ ಕೊಟ್ಟು ಮುಂದೆ ನಿಲ್ಲಬಹುದಿತ್ತು. ಅಂಥ ಬ್ಯಾಂಡ್ ಮತ್ತೆ ಬೇಕು ಅಂತ ನಾನು ಆಸೆಪಡುವುದು ನನಗೊಬ್ಬಳಿಗೆ ಅಲ್ಲ. ಹಾಗೂ ಶೋ ನಡೆಸಬಹುದು ಅಂತ ಉಳಿದವರಿಗೆ ನೆನಪಾಗಬೇಕು.

ಕೋಟೆ ಕೆಳಗಿನವ, ಬಳ್ಳಾರಿ

ಆ ಗೋಡೆಯ ಮಾತು ಮರೆಯುವುದಿಲ್ಲ ತಂಗಿ.

ಹೊಸಬ, ರಾಯಚೂರು

ಅಕ್ಕಾ, ನಾವು ರಾಯಚೂರಲ್ಲೇ ಯಾಕೆ ಒಂದು ಮಾಡಬಾರದು? ಮದುವೆ ಹಾಲ್ ಇದೆ, ಸೌಂಡ್ ಸರ್ವಿಸ್‌ನವರಿದ್ದಾರೆ. ಗಣೇಶನ ಹಬ್ಬಕ್ಕೆ ಅಷ್ಟು ದೊಡ್ಡ ಸ್ಪೀಕರ್ ತರುತ್ತಾರಲ್ಲ.

ಶಕ್ತಿನಗರ ಶಿಫ್ಟ್

ಸ್ಪೀಕರ್ ಇದೆ. ನುಡಿಸುವವರು ಎಲ್ಲಿ?

ಸಂಡೂರು ಕೆಂಪು ಮಣ್ಣು

ವಿಷಯಕ್ಕೆ ಸ್ವಲ್ಪ ಹೊರಗಿನದು. ಮೈನರ್ ಥ್ರೆಟ್ ಹೆಸರು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಾನು ಗುಟ್ಕಾ ಬಿಟ್ಟದ್ದು ಅವರ ಹಾಡಿನಿಂದ.

ಅದಿರಿನ ಲಾರಿ ಓಡಿಸುವವರ ಜೊತೆ ಕೆಲಸ. ದಿನಕ್ಕೆ ಹದಿನೈದು ಪ್ಯಾಕೆಟ್ ಹಾಕುತ್ತಿದ್ದೆ. ‘ಸ್ಟ್ರೈಟ್ ಎಡ್ಜ್’ ಅನ್ನುವ ಹಾಡು ಬರೀ 46 ಸೆಕೆಂಡು. ನಶೆ ನನಗೆ ಬೇಡ ಅನ್ನುವ ಹಾಡು. 1981ರದ್ದು. ಅದರಿಂದ ಪ್ರಪಂಚದಲ್ಲೆಲ್ಲ ಹುಡುಗರು ಕೈ ಮೇಲೆ ಕಪ್ಪು ಇಂಕಿನಲ್ಲಿ ‘ಎಕ್ಸ್’ ಗುರುತು ಹಾಕಿಕೊಂಡರು. ಆ ಗುರುತು ಬಂದದ್ದು ಎಲ್ಲಿಂದ ಗೊತ್ತಾ? ಚಿಕ್ಕವರಿಗೆ ಮದ್ಯ ಕೊಡಬಾರದು ಅಂತ ಕ್ಲಬ್ಬಿನವರು ಕೈ ಮೇಲೆ ಹಾಕುತ್ತಿದ್ದದ್ದು. ರಾಯಚೂರಿನ ತಂಗಿಯನ್ನು ಬಾಗಿಲಲ್ಲಿ ನಿಲ್ಲಿಸಿದರಲ್ಲ, ಅದರ ಬದಲು ಅಲ್ಲಿ ಗುರುತು ಹಾಕಿ ಒಳಗೆ ಬಿಡುತ್ತಿದ್ದರು.

ನಾನು ಮಾರ್ಕರ್‌ನಲ್ಲಿ ಎಕ್ಸ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಅಂಗಡಿಯಲ್ಲಿ ಕೈ ಚಾಚಿದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ವಾಪಸ್ ಬರುತ್ತಿದ್ದೆ. ಅಳಿಸಿದರೆ ಮತ್ತೆ ಹಾಕುತ್ತಿದ್ದೆ. ನಾಲ್ಕು ತಿಂಗಳು ಹಾಕಿದೆ. ಈಗ ಏಳನೇ ವರ್ಷ.

ಮೇಷ್ಟ್ರು, ಕುಕನೂರು

ಇದು ಹೊರಗಿನ ವಿಷಯವೇನಲ್ಲ. ಅಭಿನಂದನೆ. ನಮ್ಮ ಶಾಲೆಯ ದೊಡ್ಡ ಹುಡುಗರಿಗೆ ಇದನ್ನು ನಿಮ್ಮ ಹೆಸರು ಹೇಳದೆ ಹೇಳಬಹುದಾ?

ಸಂಡೂರು ಕೆಂಪು ಮಣ್ಣು

ಹೇಳಿ ಸಾರ್. ಮಾರ್ಕರ್ ನಾನೇ ತಂದುಕೊಡುತ್ತೇನೆ.

ತುಂಗಭದ್ರೆ ದಂಡೆ

ಮತ್ತೆ ಮೂಲ ಪ್ರಶ್ನೆಗೆ ಬರುತ್ತೇನೆ. ಅವರು ಸುಮ್ನೆ ಕೂತಿಲ್ಲ ಅನ್ನುವುದನ್ನೂ ನೋಡಬೇಕು. ಇಯಾನ್ ಮತ್ತು ಏಮಿ ಫರೀನಾ ಇಬ್ಬರೇ ‘ದಿ ಈವನ್ಸ್’ ಅಂತ ನುಡಿಸಿದರು. ಆಮೇಲೆ ಅವರಿಬ್ಬರ ಜೊತೆ ಜೋ ಲ್ಯಾಲಿ ಸೇರಿ ‘ಕೊರಿಕಿ’ ಆಯಿತು, 2020ರಲ್ಲಿ ಆಲ್ಬಂ ಬಂತು. ಜೋ ಮತ್ತು ಬ್ರೆಂಡನ್ ಗಿಟಾರಿಸ್ಟ್ ಆಂಥನಿ ಪಿರೋಗ್ ಜೊತೆ ‘ದಿ ಮೆಸ್ಥೆಟಿಕ್ಸ್’ ಕಟ್ಟಿದ್ದಾರೆ. ಹಾಡುಗಾರ ಇಲ್ಲ, ಬರೀ ವಾದ್ಯ. ಬೇಸ್ ಮತ್ತು ಡ್ರಮ್ಸ್ ಕೇಳಿ, ಅದೇ ಜೋಡಿ. ನಾವು ಹಳೇ ಹೆಸರಿಗೆ ಕಾಯುತ್ತಾ ಕೂತು, ಆ ಜನ ಈಗ ಮಾಡುತ್ತಿರುವುದನ್ನು ಕೇಳದೆ ಇದ್ದರೆ ಅದು ಎಂಥ ಅಭಿಮಾನ?

ಗಂಗಾವತಿ ಗಿಟಾರ್

ಕೇಳಿದ್ದೇನೆ. ಇಷ್ಟ ಆಯಿತು. ಆದರೆ ಅದು ಫುಗಾಝಿ ಅಲ್ಲ.

ತುಂಗಭದ್ರೆ ದಂಡೆ

ಅಲ್ಲ ಅಂತ ಅವರೇ ಬೇರೆ ಹೆಸರು ಇಟ್ಟಿದ್ದಾರೆ!

ಗಂಗಾವತಿ ಗಿಟಾರ್

ಅದಕ್ಕೇ ಹೇಳುತ್ತಿರುವುದು. ಆ ಹೆಸರನ್ನು ಅಷ್ಟು ಜೋಪಾನವಾಗಿ ಇಟ್ಟಿದ್ದಾರೆ ಅಂದರೆ ಅದಕ್ಕೆ ಇನ್ನೂ ಜೀವ ಇದೆ ಅಂತ ತಾನೇ? ಇಬ್ಬರಿಬ್ಬರು ಸೇರಿದಾಗಲೂ ಹೆಸರು ಬಳಸಿಕೊಳ್ಳಲಿಲ್ಲ. ನಾಲ್ವರು ಸೇರಿದರೆ ಮಾತ್ರ ಆ ಹೆಸರು.

ತುಂಗಭದ್ರೆ ದಂಡೆ

ಹಾಗೆ ಯೋಚಿಸಿರಲಿಲ್ಲ.

ಕೌಲ್‌ಬಜಾರ್ ಕ್ಯಾಸೆಟ್

ಎದುರಿಗೆ ಕೇಳಬೇಕು ಅನ್ನುವವರಿಗೆ ಒಂದು ದಾರಿ ಇದೆ. 2011ರಿಂದ ಡಿಸ್ಕಾರ್ಡ್‌ನವರು ಫುಗಾಝಿಯ ಲೈವ್ ರೆಕಾರ್ಡಿಂಗ್‌ಗಳನ್ನು ಒಂದೊಂದಾಗಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಎಂಟು ನೂರಕ್ಕೂ ಜಾಸ್ತಿ ಶೋಗಳ ಟೇಪು ಅವರ ಹತ್ತಿರ ಇದ್ದವು. ಸೌಂಡ್ ನೋಡಿಕೊಳ್ಳುತ್ತಿದ್ದವರು ಹೆಚ್ಚಿನ ರಾತ್ರಿ ರೆಕಾರ್ಡ್ ಮಾಡಿಟ್ಟದ್ದು. ಶುರುವಿನಲ್ಲಿ ಒಂದಕ್ಕೆ 5 ಡಾಲರ್ ಇಟ್ಟಿದ್ದರು, ಶೋ ಟಿಕೆಟ್ಟಿನ ಅದೇ ಬೆಲೆ.

ಇದನ್ನು ಕೇಳುವುದೇ ಬೇರೆ ಅನುಭವ. ಹಾಡಿನ ನಡುವೆ ತಂತಿ ಹರಿಯುತ್ತದೆ, ಇಯಾನ್ ಜನರ ಜೊತೆ ಮಾತಾಡುತ್ತಾರೆ, ಯಾರಿಗೋ ಹಿಂದೆ ಸರಿಯಿರಿ ಅನ್ನುತ್ತಾರೆ. ಮುಂದೆ ಯಾವ ಹಾಡು ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಬ್ಬರು ಒಂದು ಸ್ವರ ಎತ್ತಿದರೆ ಉಳಿದ ಮೂವರು ಹಿಡಿದುಕೊಳ್ಳುತ್ತಿದ್ದರು. ಬಯಲಾಟದಲ್ಲಿ ಭಾಗವತರು ಒಂದು ಪದ ಎತ್ತಿದ ತಕ್ಷಣ ಮದ್ದಲೆಯವನು ಹಿಡಿಯುತ್ತಾನಲ್ಲ, ಹಾಗೆ. ನನ್ನ ಅಂಗಡಿಯಲ್ಲಿ ಒಂದು ಕಾಲಕ್ಕೆ ದೊಡ್ಡಾಟದ ಕ್ಯಾಸೆಟ್ಟು ಬಹಳ ಹೋಗುತ್ತಿದ್ದವು. ಅದಕ್ಕೇ ನನಗೆ ಇದು ಬೇಗ ಕಿವಿಗೆ ಬಿತ್ತು.

ಜೀನ್ಸ್ ನೀಲಿ

ಕೋಟೆ ಅವರೇ, ಒಂದು ಮಾತು ಕೇಳಲಾ? ನೀವು 2008-09ರ ಸುಮಾರಿಗೆ ಭಾನುವಾರ ಜೀನ್ಸ್ ಹೊಲಿಯುವ ಶೆಡ್‌ನಲ್ಲಿ ನುಡಿಸುತ್ತಿದ್ದ ಹುಡುಗರಲ್ಲಿ ಒಬ್ಬರಾ? ಹಸಿರು ಬಾಗಿಲಿನ ಶೆಡ್.

ಕೋಟೆ ಕೆಳಗಿನವ, ಬಳ್ಳಾರಿ

ಹೌದು! ನಿಮಗೆ ಹೇಗೆ ಗೊತ್ತು?

ಜೀನ್ಸ್ ನೀಲಿ

ಅದು ನಮ್ಮ ಅಪ್ಪನ ಶೆಡ್. ನನಗೆ ಆಗ ಹನ್ನೊಂದು ವರ್ಷ. ಹಿಂದಿನ ಕಿಟಕಿ ಹತ್ತಿರ ದಾರದ ಉಂಡೆ ಸುತ್ತುತ್ತಾ ಕೇಳುತ್ತಿದ್ದೆ. ಹಾಡು ನಡುವೆ ನಿಲ್ಲುತ್ತಿತ್ತು. ಹಾಳಾಯಿತೇನೋ ಅಂತ ಇಣುಕಿದರೆ ಮತ್ತೆ ಶುರುವಾಗುತ್ತಿತ್ತು. ನೀವು ಮೇಲೆ ಬರೆದದ್ದು ಓದಿ ಆ ಹಾಡು ಅದೇ ಅಂತ ಗೊತ್ತಾಯಿತು. ಇಷ್ಟು ವರ್ಷ ಅದರ ಹೆಸರು ಗೊತ್ತಿರಲಿಲ್ಲ.

ಮುದಗಲ್ ಹಲಗೆ

ಅಬ್ಬಾ!

ಶಕ್ತಿನಗರ ಶಿಫ್ಟ್

ನುಡಿಸುವವರು ಎಲ್ಲಿ ಅಂತ ಕೇಳಿದ್ದೆ. ಇಲ್ಲೇ ಇದ್ದಾರೆ! ಕೋಟೆ ಅವರೇ, ಬ್ಯಾಂಡ್ ಇತ್ತು ಅಂತ ಹೇಳಲೇ ಇಲ್ಲವಲ್ಲ? ಪೂರ್ತಿ ಹೇಳಿ.

ಕೋಟೆ ಕೆಳಗಿನವ, ಬಳ್ಳಾರಿ

ಹೇಳುವಂಥದ್ದು ಜಾಸ್ತಿ ಇಲ್ಲ. ಆದರೂ ಕೇಳಿದಿರಿ ಅಂತ ಹೇಳುತ್ತೇನೆ.

ನಾಲ್ವರು ಇದ್ದೆವು. ನಾನು ಬೇಸ್. ಮನೆಯಲ್ಲಿ ನುಡಿಸಿದರೆ ಓಣಿಯವರು ಬರುತ್ತಿದ್ದರು. ಡ್ರಮ್ಸ್ ಹುಡುಗನ ಮಾವ ಜೀನ್ಸ್ ಕೆಲಸದಲ್ಲಿದ್ದ. ಅವನು ಕೇಳಿ ಭಾನುವಾರದ ಮಟ್ಟಿಗೆ ಶೆಡ್ ಕೊಡಿಸಿದ. ಒಳಗೆ ಸಾಲಾಗಿ ಹೊಲಿಗೆ ಮಷಿನ್, ಅವಕ್ಕೆಲ್ಲ ಬಟ್ಟೆ ಮುಚ್ಚಿರುತ್ತಿತ್ತು. ಮೂರು ಗೋಡೆಗೂ ಡೆನಿಮ್ ಥಾನುಗಳನ್ನು ಆಳೆತ್ತರ ಪೇರಿಸಿಟ್ಟಿದ್ದರು. ಆ ಬಟ್ಟೆ ಸದ್ದನ್ನೆಲ್ಲ ಕುಡಿದುಬಿಡುತ್ತಿತ್ತು. ದೊಡ್ಡ ಊರಿನ ಸ್ಟುಡಿಯೊದಲ್ಲೂ ಅಂಥ ಸೌಂಡ್ ನಾನು ಕೇಳಿಲ್ಲ. ಮಷಿನ್ ಎಣ್ಣೆ ವಾಸನೆ. ಮೇ ತಿಂಗಳಲ್ಲಿ ತಗಡಿನ ಕೆಳಗೆ ನಿಂತರೆ ಬೆವರು ಬೇಸ್ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ನೇರ್ ಡ್ರಮ್ಮಿನ ಬಿಳಿ ಹೆಡ್, ಅಂದರೆ ಏಟು ಬೀಳುವ ಹಾಳೆಯ ಮೇಲೆ ನೀಲಿ ಧೂಳು ಕೂತಿರುತ್ತಿತ್ತು. ಮೊದಲ ಏಟು ಬಿದ್ದಾಗ ಅದು ಹೊಗೆಯ ಹಾಗೆ ಮೇಲೆದ್ದು ಕಿಟಕಿಯ ಬಿಸಿಲಲ್ಲಿ ತೇಲುತ್ತಿತ್ತು. ಮನೆಗೆ ಹೋಗಿ ಕೈ ತೊಳೆದರೆ ನೀರು ನೀಲಿ.

ಆರೇಳು ಸ್ವಂತ ಹಾಡು ಮಾಡಿದ್ದೆವು, ಕನ್ನಡದಲ್ಲೇ. ಒಂದು ಗಣಿ ಧೂಳಿನ ಬಗ್ಗೆ ಇತ್ತು. ಒಂದು ಕಾಲೇಜಿನ ಹಬ್ಬದಲ್ಲಿ ಅವಕಾಶ ಸಿಕ್ಕಿತು. ಎರಡನೇ ಹಾಡಿಗೆ ಮೈಕ್ ಆಫ್ ಮಾಡಿ, ಸಿನಿಮಾ ಹಾಡು ಬರುತ್ತಾ ಅಂತ ಕೇಳಿದರು. ಇಳಿದು ಬಂದೆವು. ಹೊರಗೆ ಗಾಡಿಯಲ್ಲಿ ಒಗ್ಗರಣೆ ಮಿರ್ಚಿ ತಿಂದೆವು, ಯಾರೂ ಮಾತಾಡಲಿಲ್ಲ.

ಜಗಳ ಆಗಲಿಲ್ಲ. ಡ್ರಮ್ಸ್ ಹುಡುಗನಿಗೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿತು, ಶಿಫ್ಟ್ ಕೆಲಸ. ಒಂದು ಭಾನುವಾರ ತಪ್ಪಿತು. ಮುಂದಿನ ಭಾನುವಾರ ನನ್ನ ತಂಗಿಯ ನಿಶ್ಚಿತಾರ್ಥ. ಹೀಗೇ ತಪ್ಪುತ್ತಾ ಹೋಯಿತು. ಬ್ಯಾಂಡ್ ಮುಗಿಯಿತು ಅಂತ ಯಾರೂ ಯಾರಿಗೂ ಹೇಳಲಿಲ್ಲ.

ಮೇಷ್ಟ್ರು, ಕುಕನೂರು

ಹಾಗಾದರೆ ನಿಮ್ಮದೂ ವಿರಾಮವೇ.

ಕೋಟೆ ಕೆಳಗಿನವ, ಬಳ್ಳಾರಿ

ಸಾರ್, ಹಾಗೆ ಹೋಲಿಸಬೇಡಿ. ಅವರೆಲ್ಲಿ, ನಾವೆಲ್ಲಿ.

ಕೃಷ್ಣೆ ಸೀಮೆ ಹುಡುಗಿ, ರಾಯಚೂರು

ಯಾಕೆ ಹೋಲಿಸಬಾರದು ಅಣ್ಣಾ? ನಿಮ್ಮ ಶೆಡ್‌ನಲ್ಲಿ ಆಧಾರ್ ಕೇಳುತ್ತಿದ್ದಿರಾ?

ಕೋಟೆ ಕೆಳಗಿನವ, ಬಳ್ಳಾರಿ

ಇಲ್ಲ.

ಕೃಷ್ಣೆ ಸೀಮೆ ಹುಡುಗಿ, ರಾಯಚೂರು

ಹನ್ನೊಂದು ವರ್ಷದ ಹುಡುಗಿ ಕಿಟಕಿಯಲ್ಲಿ ಕೂತು ಕೇಳಿದ್ದಾಳೆ. ನನಗೆ ಬೇಕಿದ್ದದ್ದು ಅದೇ.

ಸಂಡೂರು ಕೆಂಪು ಮಣ್ಣು

ಗಣಿ ಧೂಳಿನ ಹಾಡು ಕೇಳಬೇಕು. ಎಷ್ಟು ನಿಮಿಷದ್ದು?

ಕೋಟೆ ಕೆಳಗಿನವ, ಬಳ್ಳಾರಿ

ಒಂದೂವರೆ ನಿಮಿಷ.

ಸಂಡೂರು ಕೆಂಪು ಮಣ್ಣು

ಹಾಗಾದರೆ ಅದು ಹಾರ್ಡ್‌ಕೋರ್.

ತುಂಗಭದ್ರೆ ದಂಡೆ

ನಾನು ಮತ್ತೆ ಸೇರುವುದು ಬೇಡ ಅಂದವನು. ಆದರೆ ಇವರು ಸೇರಬೇಕು. ಇಲ್ಲಿ ಕೋಚೆಲ್ಲಾ ಇಲ್ಲ, ಕೋರ್ಟು ಇಲ್ಲ. ಉಳಿದ ಮೂವರು ಎಲ್ಲಿದ್ದಾರೆ?

ಕೋಟೆ ಕೆಳಗಿನವ, ಬಳ್ಳಾರಿ

ಡ್ರಮ್ಸ್ ಹುಡುಗ ಅದೇ ಕೆಲಸದಲ್ಲಿದ್ದಾನೆ. ಒಬ್ಬ ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿ. ಹಾಡುತ್ತಿದ್ದವನು ಕೊಪ್ಪಳದಲ್ಲಿ, ಗವಿಮಠದ ಜಾತ್ರೆಗೆ ಹೋದಾಗ ಸಿಗುತ್ತಾನೆ. ಮೂವರ ನಂಬರೂ ಇದೆ. ಹಬ್ಬಕ್ಕೆ ಮೆಸೇಜ್ ಹಾಕುತ್ತೇವೆ.

ಜೀನ್ಸ್ ನೀಲಿ

ಶೆಡ್ ಈಗ ನಾನೇ ನೋಡಿಕೊಳ್ಳುತ್ತೇನೆ. ಮಷಿನ್ ಕಡಿಮೆ ಮಾಡಿದ್ದೇವೆ, ಜಾಗ ಜಾಸ್ತಿ ಇದೆ. ಥಾನು ಇನ್ನೂ ಗೋಡೆಗೇ ಇವೆ. ಭಾನುವಾರ ಖಾಲಿ. ನಾನು ಬಾಡಿಗೆ ಕೇಳುವುದಿಲ್ಲ.

ಕೋಟೆ ಕೆಳಗಿನವ, ಬಳ್ಳಾರಿ

ಏನು ಹೇಳಬೇಕೋ ತಿಳಿಯುತ್ತಿಲ್ಲ. ಸ್ವಲ್ಪ ಟೈಮ್ ಕೊಡಿ.

ಹೊಸಬ, ರಾಯಚೂರು

ಅಣ್ಣಾ ಫೋನ್ ಮಾಡಿದ್ರಾ?

ಹೊಸಬ, ರಾಯಚೂರು

ಎರಡು ದಿನ ಆಯಿತು ಅಣ್ಣಾ.

ಕೋಟೆ ಕೆಳಗಿನವ, ಬಳ್ಳಾರಿ

ಮಾಡಿದೆ. ಹೊಸಪೇಟೆಯವನು ಬರುತ್ತೇನೆ ಅಂದ, ಏನು ಎತ್ತ ಅಂತ ಕೇಳಲೂ ಇಲ್ಲ. ಕೊಪ್ಪಳದವನು ಗಂಟಲು ಹೋಗಿದೆ ಅಂತ ಹತ್ತು ನಿಮಿಷ ಹೇಳಿ, ಆಮೇಲೆ ಗಣಿ ಹಾಡಿನ ಎರಡನೇ ಚರಣ ನನಗೇ ನೆನಪಿಸಿದ. ಡ್ರಮ್ಸ್ ಹುಡುಗನಿಗೆ ಈ ವಾರ ನೈಟ್ ಶಿಫ್ಟ್, ಮುಂದಿನ ಭಾನುವಾರ ರಜೆ. ಡ್ರಮ್ ಸೆಟ್ ಅವನ ಅತ್ತೆಯ ಮನೆಯ ಅಟ್ಟದ ಮೇಲಿತ್ತು. ನಿನ್ನೆ ಇಳಿಸಿ ಫೋಟೊ ಕಳಿಸಿದ್ದಾನೆ. ಸ್ಟ್ಯಾಂಡ್ ತುಕ್ಕು ಹಿಡಿದಿದೆ, ಎಣ್ಣೆ ಹಾಕಿದರೆ ಸರಿ ಹೋಗುತ್ತದೆ. ಸ್ನೇರ್ ಹೆಡ್ ಮಾತ್ರ ಇಲಿ ಕಡಿದು ಹರಿದಿದೆ. ಬಳ್ಳಾರಿಯಲ್ಲಿ ಎರಡು ಕಡೆ ವಿಚಾರಿಸಿದೆ, ಸಿಗಲಿಲ್ಲ. ಯಾರಿಗಾದರೂ ಗೊತ್ತಾ?

ಗಂಗಾವತಿ ಗಿಟಾರ್

ಹುಬ್ಬಳ್ಳಿಯಲ್ಲಿ ಸಿಗುತ್ತದೆ. ನಾನು ಗುರುವಾರ ಹೋಗುತ್ತಿದ್ದೇನೆ, ಚಿಕ್ಕಪ್ಪನಿಗೆ ಕಣ್ಣು ತೋರಿಸಬೇಕು. ಎಷ್ಟು ಇಂಚು?

ಕೋಟೆ ಕೆಳಗಿನವ, ಬಳ್ಳಾರಿ

14.

ಗಂಗಾವತಿ ಗಿಟಾರ್

ಕೋಟೆಡ್ ಬೇಕಾ, ಒಳಗೆ ಕಾಣುವ ಕ್ಲಿಯರ್ ಬೇಕಾ?

ಜೀನ್ಸ್ ನೀಲಿ

ಬಿಳಿಯದ್ದು ತನ್ನಿ.